ದಪ್ಪ ಫೈಲಿನ ಅಡಿಯಲ್ಲಿದ್ದ ಕಾಗದ

ಕಳೆದ ತಿಂಗಳು ಠಾಣೆಯಿಂದ ಒಬ್ಬ ಯುವಕ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಕೈಯಲ್ಲಿ ದಪ್ಪ ಫೈಲು. ಆಂಜಿಯೋಗ್ರಫಿಯ ಸಿ.ಡಿ., ಎಕೋ ವರದಿಗಳು, ಎಂಆರ್‌ಐ, ರಕ್ತಪರೀಕ್ಷೆಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದ. ಅಮ್ಮನಿಗೆ ಹೃದಯ ವೈಫಲ್ಯ, ಮೂರು ತಂತಿಯ ಪೇಸ್‌ಮೇಕರ್ ಹಾಕಿಸಲು ಹೇಳಿದ್ದಾರೆ, ನಿಮ್ಮ ಅಭಿಪ್ರಾಯ ಬೇಕು ಎಂದ. ನಾನು "ಇಸಿಜಿ ಎಲ್ಲಿದೆ?" ಎಂದು ಕೇಳಿದೆ. ಅವನಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಇಷ್ಟು ದುಬಾರಿ ಪರೀಕ್ಷೆಗಳಿರುವಾಗ ಆ ಚೌಕುಳಿ ಕಾಗದವೇ? ಹುಡುಕಿದಾಗ ಫೈಲಿನ ತಳದಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿತು.

ಆ ಕಾಗದವನ್ನೇ ಮೊದಲು ಕೇಳುವುದನ್ನು ನಾನು ಕಲಿತದ್ದು ಸುಲಭದಲ್ಲಿ ಅಲ್ಲ. ಆ ಕತೆ ಹೇಳುವ ಮೊದಲು ಈ ಸಾಧನ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು.

ಒದ್ದೆ ಬೆಡ್‌ಶೀಟನ್ನು ಇಬ್ಬರು ಹಿಂಡುವುದನ್ನು ನೆನಪಿಸಿಕೊಳ್ಳಿ. ಇಬ್ಬರೂ ಒಟ್ಟಿಗೆ ತಿರುಚಿದರೆ ನೀರು ಇಳಿಯುತ್ತದೆ. ಒಬ್ಬ ತಿರುಚಿ ಬಿಟ್ಟ ಮೇಲೆ ಇನ್ನೊಬ್ಬ ಶುರುಮಾಡಿದರೆ ಶ್ರಮವಷ್ಟೇ ಉಳಿಯುತ್ತದೆ. ಹೃದಯದ ಎಡ ಹೃತ್ಕುಕ್ಷಿಯೂ ಹೀಗೆಯೇ. ಅದರ ಎಲ್ಲ ಗೋಡೆಗಳಿಗೂ "ಹೂಂ, ಈಗ" ಎಂಬ ವಿದ್ಯುತ್ ಕರೆ ಸರಿಸುಮಾರು ಒಂದೇ ಹೊತ್ತಿಗೆ ತಲುಪಬೇಕು. ಎಡಭಾಗದ ಕವಲು ಕೆಟ್ಟರೆ, ಅದನ್ನೇ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ ಎನ್ನುವುದು, ನಡುಗೋಡೆ ಮೊದಲು ಕುಗ್ಗುತ್ತದೆ, ಹೊರಗೋಡೆಗೆ ಕರೆ ತಡವಾಗಿ ಮುಟ್ಟುತ್ತದೆ. ಸಿಆರ್‌ಟಿ ಎಂಬ ಈ ಪೇಸ್‌ಮೇಕರ್ ಒಂದು ತಂತಿಯನ್ನು ಹೃದಯದ ಹಿಂಬದಿಯ ರಕ್ತನಾಳದ ಮೂಲಕ ಆ ಹೊರಗೋಡೆಯವರೆಗೆ ಕಳಿಸಿ, ಎರಡೂ ಕಡೆಗೆ ಒಟ್ಟಿಗೆ ಕರೆ ಕೊಡುತ್ತದೆ.

ಕೆಲಸ ಮಾಡಿದಾಗ ಇದು ನಿಜಕ್ಕೂ ದೊಡ್ಡ ಉಪಕಾರ. 2005ರಲ್ಲಿ ಪ್ರಕಟವಾದ ಕೇರ್-ಎಚ್‌ಎಫ್ ಎಂಬ ಯುರೋಪಿನ ಅಧ್ಯಯನದಲ್ಲಿ 813 ರೋಗಿಗಳಿದ್ದರು. ಸರಾಸರಿ 29 ತಿಂಗಳಲ್ಲಿ, ಬರೀ ಔಷಧಿಯಲ್ಲಿದ್ದವರಲ್ಲಿ ನೂರಕ್ಕೆ 30 ಮಂದಿ ತೀರಿಕೊಂಡರೆ, ಸಾಧನ ಹಾಕಿಸಿಕೊಂಡವರಲ್ಲಿ 20 ಮಂದಿ. ಆದರೆ ಹಾಕಿಸಿಕೊಂಡವರೆಲ್ಲರಿಗೂ ಹಾಯೆನಿಸುವುದಿಲ್ಲ. ಸುಮಾರು ಮೂರರಲ್ಲೊಬ್ಬರಿಗೆ ನಿರೀಕ್ಷಿಸಿದ ಪ್ರಯೋಜನ ಸಿಗುವುದಿಲ್ಲ ಎಂಬುದು ಮೊದಲಿನಿಂದಲೂ ಇರುವ ಅನುಭವ. ಆ ಒಬ್ಬರು ಯಾರು ಎಂದು ಮೊದಲೇ ತಿಳಿಯುವುದು ಹೇಗೆ? ಹೃದ್ರೋಗ ತಜ್ಞರ ತಲೆ ತಿಂದ ಪ್ರಶ್ನೆ ಇದು.

2006ರಲ್ಲಿ ನನಗೆ ಉತ್ತರ ಗೊತ್ತಿದೆ ಎಂದುಕೊಂಡಿದ್ದೆ. ಎಕೋ ಯಂತ್ರಗಳು ಆಗ ಹೊಸದಾಗಿ ಹೃದಯದ ಪ್ರತಿಯೊಂದು ಗೋಡೆಯ ಚಲನೆಯನ್ನು ಬಣ್ಣಬಣ್ಣವಾಗಿ ಅಳೆದು ತೋರಿಸುತ್ತಿದ್ದವು. ಕಣ್ಣಿಗೇ ಕಾಣುವಾಗ ಇಸಿಜಿಯ ಹಂಗು ಏಕೆ ಎಂಬ ಉತ್ಸಾಹ ನಮ್ಮಲ್ಲಿ ಅನೇಕರಿಗಿತ್ತು. ಆ ವರ್ಷ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಬಂದರು. ಹಿಂದೆ ಹೃದಯಾಘಾತವಾಗಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅಗಲ 104 ಮಿಲಿಸೆಕೆಂಡ್, ಅಂದರೆ ಕರೆ ಹೆಚ್ಚುಕಡಿಮೆ ಸರಿಯಾದ ಹೊತ್ತಿಗೇ ಮುಟ್ಟುತ್ತಿತ್ತು. ಆದರೆ ಎಕೋದಲ್ಲಿ ಗೋಡೆಗಳು ಹಿಂದೆಮುಂದೆ ಆಡುತ್ತಿದ್ದವು. ಸಿಆರ್‌ಟಿ ಹಾಕಿಸಿದರೆ ಒಳ್ಳೆಯದು ಎಂದು ನಾನೇ ಹೇಳಿದೆ. "ಡಾಕ್ಟ್ರೇ, ನೀವು ಹೇಳಿದ ಮೇಲೆ ಮುಗಿಯಿತು" ಎಂದರು ಮೇಷ್ಟ್ರು. ಊರಿನ ತೋಟದಲ್ಲಿ ತಮ್ಮ ಪಾಲನ್ನು ತಮ್ಮನಿಗೇ ಮಾರಿ ಹಣ ಹೊಂದಿಸಿದರು.

ಏದುಸಿರು ಹಾಗೇ ಉಳಿಯಿತು. ಎರಡನೆಯ ವರ್ಷ ತೀರಿಕೊಂಡರು. ಕೆಲವು ದಿನಗಳ ನಂತರ ಅವರ ಹೆಂಡತಿ ಬಂದು ಕೇಳಿದ್ದು ಒಂದೇ ಮಾತು: "ನಾನು ಅಡಿಗೆಗೆ ಉಪ್ಪು ಹೆಚ್ಚು ಹಾಕಿದ್ದರಿಂದ ಹೀಗಾಯಿತಾ ಡಾಕ್ಟ್ರೇ?" ಇಲ್ಲಮ್ಮ ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೂ ಆಗ ತಿಳಿದಿರಲಿಲ್ಲ.

2008ರಲ್ಲಿ ಪ್ರಾಸ್ಪೆಕ್ಟ್ ಎಂಬ ಅಧ್ಯಯನ ಬಂತು. 53 ಆಸ್ಪತ್ರೆಗಳು, 498 ರೋಗಿಗಳು, ಎಕೋದ 12 ಅಳತೆಗಳು. ಯಾರಿಗೆ ಪ್ರಯೋಜನವಾದೀತು ಎಂದು ನೆಚ್ಚಿ ಹೇಳಬಲ್ಲ ಒಂದೇ ಒಂದು ಅಳತೆಯೂ ಸಿಗಲಿಲ್ಲ. 2013ರಲ್ಲಿ ಎಕೋಸಿಆರ್‌ಟಿ ಬಂತು. ಅದರಲ್ಲಿದ್ದ 809 ಮಂದಿ ಥೇಟ್ ನಮ್ಮ ಮೇಷ್ಟ್ರಂಥವರು: ಕ್ಯೂಆರ್‌ಎಸ್ ಕಿರಿದು, ಎಕೋದಲ್ಲಿ ಮಾತ್ರ ಹೊಂದಾಣಿಕೆ ತಪ್ಪಿದ ಹೃದಯ. ಎಲ್ಲರಿಗೂ ಸಾಧನ ಅಳವಡಿಸಿ, ಅರ್ಧದಷ್ಟು ಮಂದಿಯಲ್ಲಿ ಮಾತ್ರ ಸಿಆರ್‌ಟಿ ಚಾಲೂ ಮಾಡಿದ್ದರು. ಚಾಲೂ ಮಾಡಿದವರಲ್ಲಿ 45 ಸಾವು, ಮಾಡದವರಲ್ಲಿ 26. ಅಧ್ಯಯನವನ್ನೇ ನಡುವೆ ನಿಲ್ಲಿಸಬೇಕಾಯಿತು. ಅದನ್ನು ಓದಿದ ರಾತ್ರಿ ಉಪ್ಪಿನ ಪ್ರಶ್ನೆ ಕೇಳಿದ ಆ ತಾಯಿಯ ಮುಖ ಕಣ್ಣಮುಂದೆ ಬಂತು. ನನ್ನ ಸಲಹೆಯಿಂದಲೇ ಮೇಷ್ಟ್ರು ಬೇಗ ಹೋದರು ಎಂದು ಹೇಳಲಾಗದು, ಅವರ ಹೃದಯ ಮೊದಲೇ ಸೋತಿತ್ತು. ಆದರೆ ಪ್ರಯೋಜನವಾಗುತ್ತದೆ ಎಂದು ನಾನು ಧೈರ್ಯವಾಗಿ ಹೇಳಿದ್ದಕ್ಕೆ ಆಧಾರ ಇರಲಿಲ್ಲ.

ಎಲ್ಲಿ ತಪ್ಪಿದೆವು? ಬೆಡ್‌ಶೀಟಿನ ಲೆಕ್ಕಕ್ಕೇ ಬನ್ನಿ. ಒಬ್ಬನ ಕೈ ತಡವಾಗಿ ಆಡುವುದಕ್ಕೆ ಎರಡು ಕಾರಣ ಇರಬಹುದು. ಕರೆ ತಡವಾಗಿ ಕೇಳಿಸಿರಬಹುದು, ಇಲ್ಲವೇ ಕೈಯಲ್ಲಿ ಬಲವೇ ಇಲ್ಲದಿರಬಹುದು. ಎಕೋದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಪೇಸ್‌ಮೇಕರ್ ಸರಿಮಾಡುವುದು ಕರೆಯನ್ನು ಮಾತ್ರ. ಬಲವಿಲ್ಲದವನನ್ನು ಎಷ್ಟು ಕೂಗಿದರೇನು? ಕರೆ ಎಷ್ಟು ತಡವಾಗಿದೆ ಎಂಬುದನ್ನು ನೇರವಾಗಿ ಹೇಳುವುದು ಇಸಿಜಿ. ಅದರ ಒಂದು ಸಣ್ಣ ಚೌಕ 40 ಮಿಲಿಸೆಕೆಂಡ್. ಲೆಫ್ಟ್ ಬಂಡಲ್ ಬ್ಲಾಕ್ ಇದ್ದು, ಕ್ಯೂಆರ್‌ಎಸ್ 150 ದಾಟಿದ್ದರೆ, ಅಂದರೆ ಹೆಚ್ಚುಕಡಿಮೆ ನಾಲ್ಕು ಚೌಕ, ಪ್ರಯೋಜನದ ಸಾಧ್ಯತೆ ಚೆನ್ನಾಗಿದೆ. 130ಕ್ಕಿಂತ ಕಡಿಮೆಯಿದ್ದರೆ ಈ ಉದ್ದೇಶಕ್ಕೆ ಹಾಕಬೇಡಿ ಎನ್ನುತ್ತದೆ ಯುರೋಪಿನ 2016ರ ಮಾರ್ಗಸೂಚಿ. ನಡುವೆ ಇರುವವರಲ್ಲಿ ಯೋಚಿಸಿ ತೀರ್ಮಾನಿಸಬೇಕು. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಗುಣ ಕಾಣುತ್ತದೆ. ಹೃದಯಾಘಾತದ ದೊಡ್ಡ ಕಲೆ ಇದ್ದರೆ, ಅದರಲ್ಲೂ ತಂತಿ ಕೂರಬೇಕಾದ ಜಾಗದಲ್ಲೇ ಇದ್ದರೆ, ನಿರೀಕ್ಷೆ ತಗ್ಗುತ್ತದೆ. ಹೃದಯದ ಲಯವೇ ತಪ್ಪಿದ ಏಟ್ರಿಯಲ್ ಫಿಬ್ರಿಲೇಷನ್ ಇದ್ದರೂ ಹಾಗೆಯೇ.

ಠಾಣೆಯ ಆ ತಾಯಿಯ ಇಸಿಜಿಯಲ್ಲಿ ಸ್ಪಷ್ಟವಾದ ಲೆಫ್ಟ್ ಬಂಡಲ್ ಬ್ಲಾಕ್ ಇತ್ತು, ಕ್ಯೂಆರ್‌ಎಸ್ 158. ಎಂಆರ್‌ಐಯಲ್ಲಿ ಕಲೆ ಇಲ್ಲ. ವರ್ಷದಿಂದ ಸರಿಯಾದ ಔಷಧಿ ತೆಗೆದುಕೊಂಡರೂ ಪಂಪಿಂಗ್ ಶೇಕಡಾ 28ರಲ್ಲೇ ನಿಂತಿತ್ತು. ಹಾಕಿಸಿ ಎಂದೆ. "ಇಷ್ಟು ಖರ್ಚು ಮಾಡಿದ ಮೇಲೆ ಗ್ಯಾರಂಟಿ ಗುಣ ಆಗ್ತದಾ ಡಾಕ್ಟ್ರೇ?" ಎಂದ ಮಗ. ಗ್ಯಾರಂಟಿ ಇಲ್ಲ, ಆದರೆ ಯಾರಿಗಾದರೂ ಗುಣವಾಗುವುದಾದರೆ ಇಂಥವರಿಗೇ ಎಂದೆ. ಹಿಂದಿನ ವಾರ ಅಳವಡಿಸಿದ್ದಾಗಿದೆ. ಫಲ ತಿಳಿಯಲು ಆರು ತಿಂಗಳಾದರೂ ಕಾಯಬೇಕು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಸಲಹೆ ಬಂದರೆ ನಾಲ್ಕು ಮಾತು ಕೇಳಿ: ಕ್ಯೂಆರ್‌ಎಸ್ ಎಷ್ಟು? ಲೆಫ್ಟ್ ಬಂಡಲ್ ಬ್ಲಾಕ್ ಇದೆಯೇ? ಹೃದಯದಲ್ಲಿ ಕಲೆ ಎಲ್ಲಿ, ಎಷ್ಟಿದೆ? ಮೂರು ತಿಂಗಳಾದರೂ ಪೂರ್ತಿ ಔಷಧಿ ಕೊಟ್ಟು ನೋಡಿದ್ದಾರೆಯೇ? ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸುವುದಿಲ್ಲ. "ನಿಮಗೆ ಇದು ಬೇಡ" ಎಂದರೆ ಕೈಬಿಟ್ಟರು ಎಂದುಕೊಳ್ಳಬೇಡಿ. ಅದೂ ಚಿಕಿತ್ಸೆಯೇ.

ಇನ್ನೊಂದು ಮಾತು. ಇಸಿಜಿಯ ಕಾಗದದ ಮೇಲಿನ ಗೆರೆ ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಇವತ್ತೇ ಒಂದು ಝೆರಾಕ್ಸ್ ಮಾಡಿಸಿ, ಫೈಲಿನ ಮೊದಲ ಹಾಳೆಯಾಗಿ ಇಡಿ.