ಮೊದಲ ಹಿಟ್‌ಗೆ ಜೀವನಪೂರ್ತಿ ಬಡ್ಡಿ ಕಟ್ಟಬೇಕಾ?

ಕೇಳಲೇಬೇಕಾದ ಬ್ಯಾಂಡ್‌ಗಳು | ಭಾಗ 6: ಸಿಲ್ವರ್‌ಚೇರ್ 🎸

1994. ಆಸ್ಟ್ರೇಲಿಯಾದ ನ್ಯೂಕ್ಯಾಸಲ್. ಡೇನಿಯಲ್ ಜಾನ್ಸ್, ಬೆನ್ ಗಿಲ್ಲೀಸ್, ಕ್ರಿಸ್ ಜೋವಾನೂ ಅಂತ ಮೂವರು ಹೈಸ್ಕೂಲ್ ಹುಡುಗರು. 'ಟುಮಾರೋ' ಹಾಡಿನ ಡೆಮೊ ಕಳಿಸಿ ಎಸ್‌ಬಿಎಸ್ ಟಿವಿ ಮತ್ತು ಟ್ರಿಪಲ್ ಜೆ ರೇಡಿಯೋದ ಸ್ಪರ್ಧೆ ಗೆದ್ರು. ಮರುವರ್ಷ ಮೊದಲ ಆಲ್ಬಮ್ 'ಫ್ರಾಗ್‌ಸ್ಟಾಂಪ್'. ಬರೀ 9 ದಿನದಲ್ಲಿ ರೆಕಾರ್ಡ್ ಮಾಡಿದ್ದು, ಅವರ ದೇಶದಲ್ಲಿ ನಂಬರ್ ಒನ್! ಆಗ ಅವರಿಗೆ 15ರ ಆಸುಪಾಸು. ನಮಗಿಂತ ಚಿಕ್ಕವರು.

ತುಂಬಾ ಜನ ಕಥೆ ಇಲ್ಲಿಗೇ ನಿಲ್ಲಿಸ್ತಾರೆ. ನನಗೆ ಮುಖ್ಯ ಅನ್ಸೋದು ಆಮೇಲಿನದ್ದು.

ನಿರ್ವಾಣ ಬ್ಯಾಂಡ್‌ನ ನಕಲು ಅಂತ ಆಡಿಕೊಂಡವರಿದ್ರು. ಹಾಗಿದ್ರೂ ಅದೇ ಗ್ರಂಜ್ ಸದ್ದನ್ನ ಹಿಡ್ಕೊಂಡು ಕೂತಿದ್ರೆ ಅಭಿಮಾನಿಗಳು ಖುಷಿಯಾಗಿರ್ತಿದ್ರು. ಇವರು ಕೂರಲಿಲ್ಲ. 1999ರ 'ನಿಯಾನ್ ಬಾಲ್‌ರೂಮ್'ನಲ್ಲಿ ಗಿಟಾರ್ ಜೊತೆ ಪಿಟೀಲುಗಳೂ ಬಂದ್ವು. ಅದರ 'ಆನಾಸ್ ಸಾಂಗ್' ಜಾನ್ಸ್‌ನ ಅನೊರೆಕ್ಸಿಯಾ ಬಗ್ಗೆ. ಊಟವನ್ನೇ ಶತ್ರು ಮಾಡಿಬಿಡೋ ಕಾಯಿಲೆ ಅದು. 20ರ ಹುಡುಗ, ಅದೂ ರಾಕ್ ಸ್ಟಾರ್, ಅದನ್ನ ಎಲ್ಲರೆದುರು ಹೇಳ್ಕೊಳ್ಳೋದು ಸುಲಭವಲ್ಲ.

2002ರ 'ಡಯೊರಾಮಾ'ದಲ್ಲಿ ಪೂರ್ತಿ ಆರ್ಕೆಸ್ಟ್ರಾ. ಬೀಚ್ ಬಾಯ್ಸ್ ಜೊತೆ ಕೆಲಸ ಮಾಡಿದ್ದ ವ್ಯಾನ್ ಡೈಕ್ ಪಾರ್ಕ್ಸ್ ಇದಕ್ಕೂ ಕೈಜೋಡಿಸಿದ್ರು. ಬಿಡುಗಡೆ ಹೊತ್ತಿಗೆ ಜಾನ್ಸ್‌ಗೆ ಕೀಲುಗಳ ಕಾಯಿಲೆ. ಟೂರ್ ಮಾಡೋಕೆ ಆಗಲಿಲ್ಲ. ನಿಜ ಹೇಳ್ತೀನಿ, ಮೊದಲ ಸಲ ಕೇಳಿದಾಗ ನನಗೂ ಹಿಡಿಸಲಿಲ್ಲ. ನಾನು ಹುಡುಕ್ತಿದ್ದಿದ್ದು ಇನ್ನೊಂದು 'ಟುಮಾರೋ'. ತಪ್ಪು ಆಲ್ಬಮ್‌ನದ್ದಲ್ಲ, ನನ್ನದು.

2007ರಲ್ಲಿ 'ಯಂಗ್ ಮಾಡರ್ನ್'. ಒಟ್ಟು ಐದು ಸ್ಟುಡಿಯೋ ಆಲ್ಬಮ್, ಐದೂ ಆಸ್ಟ್ರೇಲಿಯಾದಲ್ಲಿ ನಂಬರ್ ಒನ್. 2011ರಲ್ಲಿ ಬ್ಯಾಂಡ್ ನಿಲ್ಲಿಸಿಬಿಟ್ರು.

"ಅಯ್ಯೋ, ಎಲ್ಲಾ ಹಾಳು ಮಾಡ್ಕೊಂಡ್ರು" ಅನ್ನೋರಿಗೆ ನನ್ನ ಉತ್ತರ ಇಷ್ಟೇ: ಏನು ಹಾಳಾಯ್ತು? 15ರಲ್ಲಿ ಒಪ್ಪಿಕೊಂಡ ಕೆಲಸವನ್ನ 50ರವರೆಗೂ ಮಾಡ್ಲೇಬೇಕು ಅಂತ ಯಾರು ಬರೆದುಕೊಟ್ಟಿದ್ದಾರೆ? ನಮ್ಮ ಕ್ಲಾಸಲ್ಲೂ ನೋಡಿ. ಒಮ್ಮೆ ಚೆನ್ನಾಗಿ ಹಾಡಿದವಳು ಪ್ರತಿ ಫಂಕ್ಷನ್‌ಗೂ ಹಾಡಬೇಕು. ಒಮ್ಮೆ ಫಸ್ಟ್ ಬಂದವನು ಸೆಕೆಂಡ್ ಬಂದ್ರೆ "ಏನಾಯ್ತೋ ನಿಂಗೆ?" ಮೆಚ್ಚುಗೆ ಅಂತ ಕೊಟ್ಟಿದ್ದನ್ನ ಸಾಲದ ಥರ ವಸೂಲಿ ಮಾಡ್ತೀವಿ.

ಬದಲಾಗೋಕೆ ಧೈರ್ಯ ಬೇಕು. ಸಾಕು ಅನ್ನೋಕೆ ಇನ್ನೂ ಜಾಸ್ತಿ ಬೇಕು.

ಇವತ್ತು 'ಟುಮಾರೋ' ಕೇಳಿ, ತಕ್ಷಣ 'ಡಯೊರಾಮಾ' ಹಾಕಿ. ಒಂದೇ ಬ್ಯಾಂಡ್ ಅನ್ಸತ್ತಾ? ಕಾಮೆಂಟಲ್ಲಿ ಜಗಳಕ್ಕೆ ಬನ್ನಿ 👇