ಗಿಣಿಯ ಪಂಜರ ಅಡುಗೆಮನೆಯ ಹತ್ತಿರ ಬೇಡ

ಶುಕವನ ನೋಡಿಕೊಂಡು ಬಂದ ಮಕ್ಕಳು ಮನೆಗೆ ಕಾಲಿಟ್ಟ ಕೂಡಲೇ ಏನು ಕೇಳುತ್ತಾರೆ ಹೇಳಿ? "ಅಮ್ಮಾ, ನಮಗೂ ಒಂದು ಗಿಣಿ ಬೇಕು!" ನಮ್ಮ ಮೈಸೂರಿನ ನಂಜನಗೂಡು ರಸ್ತೆಯಲ್ಲಿರುವ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ 2017ರಲ್ಲಿ 468 ಜಾತಿಯ ಪಕ್ಷಿಗಳೊಂದಿಗೆ ಗಿನ್ನೆಸ್ ದಾಖಲೆ ಸೇರಿತ್ತು. ಅಲ್ಲಿ ಬಣ್ಣಬಣ್ಣದ ಮಕಾವ್‌ಗಳನ್ನು ಕಂಡು ಬಂದ ನನ್ನ ಮಗಳೂ ಇದೇ ಹಠ ಹಿಡಿದಳು. ಕೊನೆಗೆ ಮನೆಗೆ ಬಂದದ್ದು ಒಂದು ಕಾಕಟೀಲ್. ತಲೆಯ ಮೇಲೆ ಹಳದಿ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳುತ್ತೆ ಅಂದರು. ನಮ್ಮ ಮನೆಯಲ್ಲಿ ಅದು ಬದುಕಿದ್ದು ಏಳೇ ತಿಂಗಳು. ಸತ್ತದ್ದು ನನ್ನ ದೋಸೆ ತವಾದಿಂದ ಅಂದರೆ ನಂಬುತ್ತೀರಾ?

ಅಂದು ಬೆಳಿಗ್ಗೆ ನಾನ್‌ಸ್ಟಿಕ್ ತವಾ ಒಲೆಯ ಮೇಲಿಟ್ಟು ಉರಿ ಜೋರು ಮಾಡಿದ್ದೆ. ಅಷ್ಟರಲ್ಲಿ ಊರಿನಿಂದ ಅತ್ತೆಯ ಫೋನ್. ಮಾತು ಮುಗಿಸಿ ಬರುವಷ್ಟರಲ್ಲಿ ತವಾ ಖಾಲಿಯಾಗಿಯೇ ಕಾದು ಸಣ್ಣಗೆ ಹೊಗೆಯಾಡುತ್ತಿತ್ತು. ಒಲೆ ಆರಿಸಿ ಸುಮ್ಮನಾದೆ. ನಮ್ಮ ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಬಾಗಿಲಿಲ್ಲ. ಪಂಜರ ಅಲ್ಲೇ ಫ್ರಿಜ್ ಪಕ್ಕದಲ್ಲಿತ್ತು. ಕೆಲಸ ಮಾಡುತ್ತಾ ಮಾತಾಡಿಸಬಹುದು ಅಂತ ನಾನೇ ಅಲ್ಲಿ ಇಡಿಸಿದ್ದೆ. ಹತ್ತು ನಿಮಿಷ ಕಳೆದಿರಲಿಲ್ಲ, ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಾ ಪಂಜರದ ತಳಕ್ಕೆ ಬಿತ್ತು. ಆಟೋ ಹಿಡಿದು ಹೊರಟೆವು. ದಾರಿಯಲ್ಲೇ ಹೋಯಿತು. ಮನೆಯಲ್ಲಿ ನಮಗ್ಯಾರಿಗೂ ಒಂದು ಕೆಮ್ಮು ಕೂಡ ಬಂದಿರಲಿಲ್ಲ!

ಕಾರಣ ವಿವರಿಸಿದವರು ಪಶುವೈದ್ಯರು. ನಾನ್‌ಸ್ಟಿಕ್ ಪಾತ್ರೆಗೆ ಹಚ್ಚಿರುವ ಟೆಫ್ಲಾನ್‌ನಂಥ ಲೇಪಕ್ಕೆ ಮಾಮೂಲಿ ಅಡುಗೆಯ ಬಿಸಿಯಿಂದ ಏನೂ ಆಗುವುದಿಲ್ಲ. ಆದರೆ ಖಾಲಿ ಪಾತ್ರೆ ಜೋರು ಉರಿಯಲ್ಲಿ ಕೆಲವೇ ನಿಮಿಷ ಕಾದರೂ ಸಾಕು, ಬಿಸಿ 260 ಡಿಗ್ರಿ ಸೆಲ್ಸಿಯಸ್ ದಾಟಿಬಿಡಬಹುದು. ಆಗ ಲೇಪ ಒಡೆದು ವಿಷಗಾಳಿ ಹೊರಡುತ್ತದೆ. ನಮ್ಮ ಶ್ವಾಸಕೋಶಕ್ಕೆ ಗಾಳಿ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹಕ್ಕಿಗೆ ಹಾಗಲ್ಲ. ಅದರ ಮೈಯೊಳಗೆ ಗಾಳಿಚೀಲಗಳಿವೆ. ಉಸಿರು ಎಳೆದಾಗಲೂ ಬಿಟ್ಟಾಗಲೂ ಅದರ ಶ್ವಾಸಕೋಶದಲ್ಲಿ ಹೊಸ ಗಾಳಿ ಹರಿಯುತ್ತಲೇ ಇರುತ್ತದೆ. ಹಾರುವ ಜೀವಕ್ಕೆ ಅಷ್ಟು ಆಮ್ಲಜನಕ ಬೇಕಲ್ಲವೇ? ಗಾಳಿಯಲ್ಲಿ ವಿಷವಿದ್ದರೆ ಅದನ್ನೂ ಅಷ್ಟೇ ಬೇಗ ಹೀರಿಕೊಳ್ಳುತ್ತದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಗಾಳಿ ಪತ್ತೆ ಮಾಡಲು 1986ರವರೆಗೂ ಕೆನರಿ ಹಕ್ಕಿಗಳನ್ನು ಬಳಸುತ್ತಿದ್ದದ್ದು ಇದೇ ಕಾರಣಕ್ಕೆ. ಗಣಿಯ ಬದಲು ಅಡುಗೆಮನೆಯಲ್ಲಿ ನಾನೂ ಅದನ್ನೇ ಮಾಡಿದ್ದೆ, ಗೊತ್ತಿಲ್ಲದೆ. ಹಕ್ಕಿ ಮಾರಿದ ಅಂಗಡಿಯವನು ಪಂಜರ, ಕಾಳು, ಗೆಜ್ಜೆ, ಪುಟ್ಟ ಕನ್ನಡಿ ಎಲ್ಲಾ ಮಾರಿದ. ಈ ಒಂದು ಮಾತು ಹೇಳಲಿಲ್ಲ. ಹಕ್ಕಿ ಮಾರುವವರೆಲ್ಲ ಇದನ್ನೊಂದು ಚೀಟಿಯಲ್ಲಿ ಬರೆದು ಪಂಜರಕ್ಕೆ ಕಟ್ಟಿ ಕೊಡಬೇಕು ಅನ್ನುತ್ತೇನೆ ನಾನು.

ಹಾಗಾಗಿ ಹಕ್ಕಿ ಇರುವ ಮನೆಯಲ್ಲಿ ನಾನ್‌ಸ್ಟಿಕ್ ಬೇಡವೇ ಬೇಡ. ಅಜ್ಜಿ ಕಾಲದ ಕಬ್ಬಿಣದ ಕಾವಲಿ ಅಟ್ಟದ ಮೇಲಿದ್ದರೆ ಇಳಿಸಿ, ಎಣ್ಣೆ ಹಚ್ಚಿ ಪಳಗಿಸಿ. ದೋಸೆಯೂ ಅದರಲ್ಲೇ ಚೆನ್ನ. ಪಡ್ಡು ತವಾ, ಸ್ಯಾಂಡ್‌ವಿಚ್ ಮೇಕರ್, ಕೆಲವು ಇಸ್ತ್ರಿಪೆಟ್ಟಿಗೆಗಳ ತಳದಲ್ಲೂ ಇದೇ ಲೇಪ ಇರುತ್ತದೆ. ಮರೆಯಬೇಡಿ. ಚಿಮಣಿ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ಸೀದ ಎಣ್ಣೆಯ ಹೊಗೆ, ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಕೂಡ ಪುಟ್ಟ ಹಕ್ಕಿಗೆ ಒಳ್ಳೆಯದಲ್ಲ. ಪಂಜರವನ್ನು ಅಡುಗೆಮನೆಯಿಂದ ಆದಷ್ಟು ದೂರ, ಬಾಗಿಲು ಮುಚ್ಚಬಹುದಾದ ಕೋಣೆಯಲ್ಲಿ ಇಡಿ.

ಹೊಗೆಯ ವಿಷಯ ಬಂದಾಗ ನಮ್ಮ ದೇವರಮನೆಯೂ ನೆನಪಾಗುತ್ತದೆ. ಅಗರಬತ್ತಿ, ಸಾಂಬ್ರಾಣಿ ಹಚ್ಚಬೇಡಿ ಅಂತ ಯಾರಿಗೆ ಹೇಳಲಿ? ನಮ್ಮತ್ತೆಗೆ ಹೇಳುವ ಧೈರ್ಯ ನನಗಂತೂ ಇಲ್ಲ! ಹಚ್ಚುವ ಮೊದಲು ಪಂಜರವನ್ನು ಬೇರೆ ಕೋಣೆಗೆ ಒಯ್ದರಾಯಿತು. ಸೊಳ್ಳೆ ಬತ್ತಿ, ಲಿಕ್ವಿಡ್ ಮೆಷಿನ್, ಜಿರಳೆಗೆ ಹೊಡೆಯುವ ಸ್ಪ್ರೇ, ರೂಮ್ ಫ್ರೆಶ್‌ನರ್, ಬೀರುವಿಗೆ ಹಾಕುವ ನುಸಿ ಗುಳಿಗೆ ಇವೆಲ್ಲ ಹಕ್ಕಿಯ ಕೋಣೆಯಲ್ಲಿ ಬೇಡ. ಸಂಜೆ ಸೊಳ್ಳೆ ಕಾಟವಿದ್ದರೆ ಪಂಜರಕ್ಕೇ ಒಂದು ಸೊಳ್ಳೆ ಪರದೆ ಹೊದಿಸಿ. ಮನೆಗೆ ಪೆಸ್ಟ್ ಕಂಟ್ರೋಲ್ ಮಾಡಿಸುವುದಿದ್ದರೆ, ವಾಸನೆ ಪೂರ್ತಿ ಹೋಗುವ ತನಕ ಹಕ್ಕಿ ತವರುಮನೆಯಲ್ಲಿರಲಿ.

ಹಕ್ಕಿಯನ್ನು ಹೊರಗೆ ಬಿಟ್ಟು ಆಡಿಸುವವರಿಗೆ ಇನ್ನೊಂದು ಭಯ ಸೀಲಿಂಗ್ ಫ್ಯಾನ್. ಫ್ಯಾನ್ ಪೂರ್ತಿ ನಿಂತ ಮೇಲಷ್ಟೇ ಪಂಜರದ ಬಾಗಿಲು ತೆಗೆಯಬೇಕು. ಸ್ವಿಚ್ ಮೇಲೆ ಒಂದು ಚೂರು ಟೇಪ್ ಅಂಟಿಸಿ, ಆಫೀಸಿನಿಂದ ಸುಸ್ತಾಗಿ ಬಂದ ಯಜಮಾನರು ನೋಡದೆ ಹಾಕಿಬಿಡುತ್ತಾರೆ. ತುಂಬಿದ ಬಕೆಟ್, ಕಮೋಡ್, ಬಿಸಿ ಸಾರಿನ ಪಾತ್ರೆ ಎಲ್ಲಕ್ಕೂ ಮುಚ್ಚಳ ಇರಲಿ. ವೈರ್‌ಗಳನ್ನು ಕೊಕ್ಕಿಗೆ ಸಿಗದ ಹಾಗೆ ಇಡಿ.

ಇನ್ನು ಕಿಟಕಿ ಬಾಗಿಲು. 2022ರ ಜುಲೈನಲ್ಲಿ ತುಮಕೂರಿನ ಒಂದು ಮನೆಯಿಂದ ಆಫ್ರಿಕನ್ ಗ್ರೇ ಗಿಣಿ ಹಾರಿಹೋದದ್ದು ನಿಮಗೆ ನೆನಪಿರಬಹುದು. ಹುಡುಕಿಕೊಟ್ಟವರಿಗೆ 50 ಸಾವಿರ ರೂಪಾಯಿ ಅಂತ ಊರೆಲ್ಲಾ ಪೋಸ್ಟರ್ ಅಂಟಿಸಿದ್ದರು. ಸಿಕ್ಕ ಸಂತೋಷಕ್ಕೆ ಕೊಟ್ಟದ್ದು 85 ಸಾವಿರ! ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಸಾಕಿದ ಹಕ್ಕಿಗೆ ಕಾಗೆ, ಹದ್ದು, ಕರೆಂಟು ತಂತಿ ಯಾವುದೂ ಗೊತ್ತಿಲ್ಲ, ಹಸಿವಾದರೆ ಆಹಾರ ಹುಡುಕಲೂ ಬರುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸಿದರೆ ಬೆಕ್ಕೂ ಒಳಗೆ ಬರುವುದಿಲ್ಲ. ಬೆಕ್ಕಿನ ಉಗುರು ಒಂದಿಷ್ಟು ತಾಗಿದರೂ ನಂಜಾಗಿ ಹಕ್ಕಿ ಸಾಯಬಹುದು, ಗಾಯ ಚಿಕ್ಕದು ಅಂತ ಬಿಡಬೇಡಿ. ನಮ್ಮೂರಲ್ಲಿ ದಸರಾ ಬೊಂಬೆ ನೋಡಲು ಬರುವವರು ಎಷ್ಟು ಜನ ನೋಡಿ, ಬಾಗಿಲು ತೆರೆದೇ ಇರುತ್ತದೆ. ಆ ಸಂಜೆಗಳಲ್ಲಿ ಹಕ್ಕಿ ಪಂಜರದಲ್ಲೇ ಇರಲಿ. ದೀಪಾವಳಿಯ ರಾತ್ರಿ ಕಿಟಕಿ ಮುಚ್ಚಿ, ಪಂಜರದ ಮೂರು ಕಡೆ ಬಟ್ಟೆ ಹೊದಿಸಿ, ಒಂದು ಸಣ್ಣ ದೀಪ ಉರಿಯಲಿ. ಕತ್ತಲಲ್ಲಿ ಪಟಾಕಿಗೆ ಬೆಚ್ಚಿದ ಹಕ್ಕಿ ಸರಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತದೆ.

ತಿನ್ನುವ ವಿಷಯದಲ್ಲಿ ನಮ್ಮ ಮುದ್ದೇ ಅದಕ್ಕೆ ಮುಳುವು. ಬೆಣ್ಣೆಹಣ್ಣು, ಚಾಕೊಲೇಟ್ ಎರಡೂ ಗಿಣಿಗೆ ವಿಷ. ಲೋಟದಿಂದ ಕಾಫಿ ಕುಡಿಸುವುದು, ಚಕ್ಕುಲಿ ಕೋಡುಬಳೆ ಕೊಡುವುದು, ಬಾಯಿಂದ ಬಾಯಿಗೆ ತಿನ್ನಿಸುವುದು ನಿಲ್ಲಿಸಿ. ಸೇಬು ಕೊಟ್ಟರೆ ಬೀಜ ತೆಗೆದು ಕೊಡಿ. ಹಸಿಮೆಣಸಿನಕಾಯಿ ಧಾರಾಳವಾಗಿ ಕೊಡಬಹುದು, ಅದಕ್ಕೆ ಖಾರ ಹತ್ತುವುದೇ ಇಲ್ಲ.

"ನಮ್ಮನೇಲಿ ಇರೋದು ಕೆಂಪು ಕೊಕ್ಕಿನ ಹಸಿರು ಗಿಣಿ ಕಣ್ರೀ" ಅನ್ನುವವರಿಗೆ ಒಂದು ಮಾತು. ನಮ್ಮ ನಾಡಿನ ಗಿಣಿಗಳನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಾಗಂತ ಹೆದರಿ ಟೆರೇಸಿಗೆ ಹೋಗಿ ಹಾರಿಬಿಡಬೇಡಿ. ರೆಕ್ಕೆ ಕತ್ತರಿಸಿದ ಗಿಣಿ ಕಾಗೆಗಳ ಪಾಲಾಗುತ್ತದೆ. ಅರಣ್ಯ ಇಲಾಖೆಗೆ ಒಪ್ಪಿಸಿ. ಆಫ್ರಿಕನ್ ಗ್ರೇ, ಮಕಾವ್‌ನಂಥ ವಿದೇಶಿ ಹಕ್ಕಿಗಳಿಗೆ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಎಷ್ಟು ಎಚ್ಚರ ವಹಿಸಿದರೂ ಒಂದು ದಿನ ಎಡವಟ್ಟಾಗಬಹುದು. ತವಾ ಸೀದರೆ ಮೊದಲು ಪಂಜರವನ್ನು ಎತ್ತಿಕೊಂಡು ಬಯಲಿಗೆ ಓಡಿ, ಕಿಟಕಿ ಬಾಗಿಲು ಆಮೇಲೆ ತೆಗೆಯಬಹುದು. ಏದುಸಿರು ಬಿಡುವ ಹಕ್ಕಿಯ ಬಾಯಿಗೆ ನೀರು ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ರಟ್ಟಿನ ಡಬ್ಬಿಗೆ ತೂತು ಮಾಡಿ, ಒಳಗೆ ಮೆತ್ತನೆ ಬಟ್ಟೆ ಹಾಸಿ ಹಕ್ಕಿಯನ್ನಿಟ್ಟು ವೈದ್ಯರಲ್ಲಿಗೆ ಹೊರಡಿ. ನಾಯಿ ನೋಡುವ ಪಶುವೈದ್ಯರೆಲ್ಲ ಹಕ್ಕಿ ನೋಡುವುದಿಲ್ಲ. ನಿಮ್ಮ ಬಡಾವಣೆಗೆ ಹತ್ತಿರದಲ್ಲಿ ಯಾರು ನೋಡುತ್ತಾರೆ ಅಂತ ಇವತ್ತೇ ವಿಚಾರಿಸಿ, ಅವರ ನಂಬರನ್ನು ಫ್ರಿಜ್ ಬಾಗಿಲ ಮೇಲೆ ಗ್ಯಾಸ್ ಬುಕ್ ಮಾಡುವ ನಂಬರಿನ ಪಕ್ಕದಲ್ಲೇ ಅಂಟಿಸಿಡಿ.