ಏಜೆಂಟರ ‘ನಾಳೆ’, ಮಾಲೀಕರ ನಷ್ಟ

ಧಾರವಾಡದ ಸಪ್ತಾಪುರ, ಹುಬ್ಬಳ್ಳಿಯ ವಿದ್ಯಾನಗರ, ಗೋಕುಲ ರಸ್ತೆಯ ಬಡಾವಣೆಗಳಲ್ಲಿ ಮನೆ ಒಬ್ಬರದು, ಕೀಲಿ ಇನ್ನೊಬ್ಬರ ಕೈಯಲ್ಲಿ. ಮಾಲೀಕರು ಬೆಂಗಳೂರಿನಲ್ಲೋ ಪುಣೆಯಲ್ಲೋ ವಿದೇಶದಲ್ಲೋ ಇರುತ್ತಾರೆ. ಬಾಡಿಗೆ ವಸೂಲಿ, ರಿಪೇರಿ, ಹೊಸಬರ ಹುಡುಕಾಟ ಎಲ್ಲವೂ ಏಜೆಂಟರ ಪಾಲು. ಬಾಡಿಗೆ ಸರಿಯಾಗಿ ಬರುವವರೆಗೆ ಈ ಏರ್ಪಾಡಿನ ದೋಷ ಕಣ್ಣಿಗೆ ಬೀಳುವುದಿಲ್ಲ. ಅದು ಬಯಲಾಗುವುದು ಮನೆ ಖಾಲಿಯಾದಾಗ. ಶೈಕ್ಷಣಿಕ ವರ್ಷ ಬದಲಾಗಿ ಮನೆಗಳು ಕೈ ಬದಲಿಸುವ ಮೇ–ಜೂನ್‌ಗೆ ಮೊದಲೇ ಈ ಎಚ್ಚರಿಕೆ ಹೇಳಬೇಕಿದೆ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಸಿಂಕ್ ಕೆಳಗಿನ ಪೈಪು ಸೋರಿ ಪ್ಲೈವುಡ್ ಕಪಾಟು ಉಬ್ಬಿದೆ, ಬಾತ್‌ರೂಮಿನ ಟೈಲ್ಸ್ ಒಡೆದಿವೆ. ‘ನಾನ್ ನೋಡ್ಕೋತೀನ್ರಿ ಸರ, ಚಿಂತಿ ಮಾಡಬ್ಯಾಡ್ರಿ’ ಎಂದ ಏಜೆಂಟರು ಎರಡು ವಾರ ಅತ್ತ ಸುಳಿದಿಲ್ಲ. ಆಮೇಲೆ ಪೇಂಟರ್ ಬಂದ, ಅವನ ಹಿಂದೆಯೇ ಹೊಸ ಬಾಡಿಗೆದಾರರು ಬಂದರು. ಖರ್ಚಿನ ಪಟ್ಟಿ ಮಾಲೀಕರಿಗೆ ತಲುಪುವ ಹೊತ್ತಿಗೆ ಹಾನಿ ಯಾರ ಕಾಲದ್ದೆಂದು ತೋರಿಸುವ ಗುರುತೇ ಉಳಿದಿಲ್ಲ.

ಕಾನೂನು ಮಾಲೀಕರ ಕೈ ಬಿಟ್ಟಿಲ್ಲ. ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಅಲ್ಲಿ ನಡೆಯುವುದು ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೇ ಸೆಕ್ಷನ್ ಪ್ರಕಾರ, ಸಹಜ ಸವಕಳಿ ಬಿಟ್ಟರೆ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು. ಬಾಡಿಗೆ ಅವಧಿಯಲ್ಲೇ ಮನೆ ಪರಿಶೀಲಿಸುವ ಹಕ್ಕು ಮಾಲೀಕರಿಗಿದೆ. ಬಾಡಿಗೆದಾರರ ತಪ್ಪಿನಿಂದಾದ ಹಾನಿಗೆ ನೋಟಿಸ್ ಕೊಟ್ಟರೆ ಮೂರು ತಿಂಗಳೊಳಗೆ ಅವರು ಸರಿಪಡಿಸಬೇಕು. ಪರಿಹಾರದ ದಾವೆಗೆ ಕಾಲಮಿತಿ ಮೂರು ವರ್ಷ. ಆದರೆ ಸಾಕ್ಷ್ಯದ ಆಯುಷ್ಯ ಗೋಡೆಗೆ ಹೊಸ ಬಣ್ಣ ಬೀಳುವವರೆಗೆ ಮಾತ್ರ.

‘ಏಜೆಂಟರು ನನಗೆ ತಿಳಿಸಲೇ ಇಲ್ಲ’ ಎಂಬ ಸಬೂಬು ಬಾಡಿಗೆದಾರರ ಎದುರು ನಿಲ್ಲುವುದಿಲ್ಲ. 1872ರ ಕರಾರು ಕಾಯ್ದೆಯ 229ನೇ ಸೆಕ್ಷನ್ ಪ್ರಕಾರ, ಕೆಲಸದ ನಡುವೆ ಏಜೆಂಟರಿಗೆ ತಿಳಿದದ್ದು ಮಾಲೀಕರಿಗೆ ತಿಳಿದಂತೆಯೇ. ಪೈಪು ಸೋರುತ್ತಿದೆ ಎಂದು ಬಾಡಿಗೆದಾರರು ಏಜೆಂಟರಿಗೆ ವಾಟ್ಸ್‌ಆ್ಯಪ್ ಮಾಡಿದ್ದರೆ ಕಪಾಟು ಹಾಳಾದ ಹೊಣೆಯನ್ನು ಬಾಡಿಗೆದಾರರ ಮೇಲೆ ಹೊರಿಸುವುದು ಕಷ್ಟ. ಏಜೆಂಟರ ನಿರ್ಲಕ್ಷ್ಯದಿಂದಾದ ನಷ್ಟವನ್ನು ಅದೇ ಕಾಯ್ದೆಯ 212ನೇ ಸೆಕ್ಷನ್ ಅಡಿ ಏಜೆಂಟರಿಂದಲೇ ಕೇಳಬಹುದು. ಇವು ಎರಡು ಬೇರೆ ಲೆಕ್ಕಗಳು. ಏಜೆಂಟರ ಬಾಕಿಯನ್ನು ಬಾಡಿಗೆದಾರರ ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುವಂತಿಲ್ಲ.

ಡಿಪಾಜಿಟ್ ಕೈಯಲ್ಲಿದೆ ಎಂಬ ಧೈರ್ಯವೂ ಸಾಲದು. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ ಪೂರೈಸುವ ಕರಾರಿನ ಮೌಲಾ ಬಕ್ಷ್ ಪ್ರಕರಣದಲ್ಲಿ, ನಷ್ಟವನ್ನು ಲೆಕ್ಕ ಹಾಕಲು ಸಾಧ್ಯವಿರುವಾಗ ಅದನ್ನು ರುಜುವಾತುಪಡಿಸದೆ ಠೇವಣಿ ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಬಿಲ್ಲಿಲ್ಲದೆ ‘ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ’ ಎಂದು ಕಡಿತ ಮಾಡುವವರು ಇದನ್ನು ನೆನಪಿಡಬೇಕು.

ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ಮನೆ ನಿರ್ವಾಹಕರ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ತಪ್ಪಿದವರಿಂದ ನಷ್ಟ ತುಂಬಿಸುವ ದಾರಿಯನ್ನೂ ತೋರಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ಕಾನೂನು ಮಾಡದ ಹೊರತು ಇಲ್ಲಿ ನಡೆಯದು. ಅಲ್ಲಿಯವರೆಗೆ ಮಾಲೀಕರಿಗೆ ಇರುವ ಆಸರೆ ಬರಹದ ಕರಾರು.

ಬಾಡಿಗೆದಾರರೊಂದಿಗೆ ಹನ್ನೊಂದು ತಿಂಗಳ ಬಾಂಡ್ ಬರೆಸುವ ಮಾಲೀಕರು ಏಜೆಂಟರೊಂದಿಗೆ ಬಾಯಿಮಾತಿನಲ್ಲೇ ಮುಗಿಸುವುದು ಮೊದಲು ನಿಲ್ಲಬೇಕು. ಕೀಲಿ ಪಡೆಯುವ ದಿನವೇ ಬಾಡಿಗೆದಾರರ ಎದುರು ಪರಿಶೀಲನೆ, ಇಬ್ಬರ ಸಹಿಯ ಪಟ್ಟಿ, ಮೂರು ದಿನದೊಳಗೆ ಮಾಲೀಕರಿಗೆ ಲಿಖಿತ ವರದಿ, ಅದು ಮುಗಿಯುವವರೆಗೆ ಪೇಂಟರ್‌ಗೆ ಪ್ರವೇಶವಿಲ್ಲ: ಇಷ್ಟನ್ನು ಬರೆಸಿಕೊಳ್ಳಿ. ಫೋಟೊ ತೆಗೆದ ಫೋನನ್ನು, ಮೂಲ ಕಡತವನ್ನು ಉಳಿಸಿಕೊಳ್ಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಡಿ ಫೋಟೊಗಳ ಪ್ರತಿಗೆ ಪ್ರಮಾಣಪತ್ರ ಬೇಕಾಗುತ್ತದೆ. ಏಜೆಂಟರು ತಡಮಾಡಿದರೆ ಕಾಯಬೇಡಿ. ಬಾಡಿಗೆದಾರರಿಗೆ ನೀವೇ ನೋಟಿಸ್ ಕಳಿಸಿ, ಪ್ರತಿಯನ್ನು ಏಜೆಂಟರಿಗೂ ಕೊಡಿ.

ಹಾನಿಗಿಂತ ವಕೀಲರ ಖರ್ಚೇ ಹೆಚ್ಚಾಗುವ ಸಣ್ಣ ಮೊತ್ತಗಳಿಗೆ ದಾವೆಗೆ ಮುಂಚಿನ ಲೋಕ ಅದಾಲತ್ ಮೇಲು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮತ್ತು ಅವಳಿ ನಗರದ ವಕೀಲರ ಸಂಘಗಳು ಸೇರಿ ಒಂದು ಪುಟದ ಕನ್ನಡ ಪರಿಶೀಲನಾ ನಮೂನೆ ಸಿದ್ಧಪಡಿಸಿ ಹಂಚಿದರೆ ಅರ್ಧ ಜಗಳಗಳು ಅದಾಲತ್‌ಗೂ ಹೋಗಲಾರವು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಈ ಬೇಸಿಗೆಗೆ ಮುಂಚೆ ಕೆಲಸ ಆರಂಭವಾದರೆ ಸಾಕು.